ನಾಳೆ ಹನ್ನೆರಡೂ ಹತ್ತಕ್ಕೆ ನಗುತ್ತೇವೆ

ನಮ್ಮೂರಿನ ಕ್ಷೌರದಂಗಡಿಯ ಶಿವಪುತ್ರ ಕತ್ತಿಯನ್ನು ಕೆನ್ನೆಗೆ ತಾಗಿಸುವ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಾನೆ. "ನಿನ್ನಿ ಈ ಹೊತ್ತಿನ್ಯಾಗ ಯಾರರ ನಗಿಮಾತು ಹೇಳಿದ್ರೇನ್ರಿ?" ಹೇಳಿದ್ದರು ಎಂದರೆ ಅವರನ್ನು ಬೆಂಚಿನ ಮೇಲೆ ಕೂರಿಸುತ್ತಾನೆ. ಆ ನಗು ಬಂದು ಹೋದ ಮೇಲೆಯೇ ಸೋಪು ಹಚ್ಚುವುದು. ನಮ್ಮೂರಲ್ಲಿ ನಗು ಬರುವುದು ಮರುದಿನ, ಅದೇ ಗಳಿಗೆಗೆ. ಇವತ್ತು ಹತ್ತೂಕಾಲಿಗೆ ಕೇಳಿದ ಮಾತಿಗೆ ನಾಳೆ ಹತ್ತೂಕಾಲಿಗೆ ಹೊಟ್ಟೆ ಕುಲುಕುತ್ತದೆ. ಯಾಕೆ ಎಂದು ನಮ್ಮನ್ನು ಕೇಳಬೇಡಿ. ನಿಮಗೆ ಕೂಡಲೇ ಯಾಕೆ ಬರುತ್ತದೆ ಎಂದು ನಾವೇನು ಬಂದು ಕೇಳಿದ್ದೇವೆಯೇ?

ಎಲ್ಲಕ್ಕೂ ಒಂದು ರೂಢಿ ಇದ್ದೇ ಇರುತ್ತದೆ. ಒಂದೊಂದು ಮನೆಯಲ್ಲೂ ಎರಡೆರಡು ಗಡಿಯಾರ. ಶಾಲೆಯ ಮೇಷ್ಟ್ರು ತಮಾಷೆಯ ಮಾತೇನಿದ್ದರೂ ಆಟದ ಹೊತ್ತಿನಲ್ಲೇ ಹೇಳುತ್ತಾರೆ, ಮರುದಿನದ ನಗು ಮರುದಿನದ ಆಟದ ಹೊತ್ತಿಗೇ ಬೀಳಲಿ ಎಂದು. ಯಾರಾದರೂ ತೀರಿಕೊಂಡ ಮನೆಗೆ ಹೋದರೆ, ಹಿಂದಿನ ದಿನದ ನಗು ಇನ್ನೂ ಬರಬೇಕಾದವರು ಹಿತ್ತಲಿನಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಕೇಳುವ ಸದ್ದನ್ನು ಒಳಗಿನವರು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹೀಗೆ ನಮ್ಮ ಪಾಡಿಗೆ ನಾವು ಚೆನ್ನಾಗಿಯೇ ಇದ್ದೇವೆ. ತಾಪತ್ರಯ ಶುರುವಾಗುವುದು ಪರಊರಿನವರು ಬಂದಾಗ ಮಾತ್ರ.

ಆ ತಾಪತ್ರಯವೇ ನನ್ನ ಕಸುಬು. ನಾನು ಸಾವಂತ್ರಿ. ಊರವರಿಗೆಲ್ಲ ಸಾವಂತ್ರಕ್ಕ, ರವಿಕೆ ಹೊಲಿಯುವವಳು. ಇಪ್ಪತ್ತಾರು ವರ್ಷದ ಹಿಂದೆ ಗುಡ್ಡದಾಚೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗನ ಮಾವ ಅರ್ಧ ಗಂಟೆ ತಮಾಷೆ ಮಾಡಿದ, ನಾವೆಲ್ಲ ಗೋಡೆಗೆ ಒರಗಿಸಿಟ್ಟ ಹಲಗೆಗಳ ಹಾಗೆ ಕೂತಿದ್ದೆವು. ಅವರು ಎದ್ದು ಹೋದರು. ಹುಡುಗ ಮಾತ್ರ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ನನಗೆ ಅವನು ಮನಸ್ಸಿಗೆ ಬಂದಿದ್ದ ಎಂದು ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ. ನಾನು ಮತ್ತೆ ಮದುವೆಯ ಗೊಡವೆಗೆ ಹೋಗಲಿಲ್ಲ. ಆದರೆ ಊರಿನ ಇನ್ನೊಂದು ಹುಡುಗಿಗೆ ಹಾಗಾಗಬಾರದು ಎಂದು ಹಟ ಹಿಡಿದೆ.

ನನ್ನ ಕೆಲಸ ಇಷ್ಟೇ. ಹೊರಗಿನ ಸಂಬಂಧ ಗೊತ್ತಾಗುತ್ತಿದೆ ಎಂದರೆ, ಅಳತೆ ತೆಗೆದುಕೊಳ್ಳುವ ನೆವ ಮಾಡಿ ಆ ಮನೆಗೆ ಹೋಗುತ್ತೇನೆ. ಎದೆ ಸುತ್ತಳತೆ, ತೋಳಿನ ಉದ್ದ ಬರೆದುಕೊಳ್ಳುವ ಪುಸ್ತಕದಲ್ಲೇ ಅವರು ಯಾವುದಕ್ಕೆ ನಗುತ್ತಾರೆ, ಯಾವ ಹಾಸ್ಯವನ್ನು ಬಂದ ಬಂದವರಿಗೆಲ್ಲ ಹೇಳುತ್ತಾರೆ ಎಂದೂ ಬರೆದುಕೊಳ್ಳುತ್ತೇನೆ. ಅವರು ನಾಳೆ ಹೇಳಲಿರುವುದನ್ನು ಇವತ್ತೇ, ಅದೇ ಗಳಿಗೆಗೆ, ನಮ್ಮವರಿಗೆ ಹೇಳಿಬಿಡುತ್ತೇನೆ. ನಾಳೆ ಬೀಗರು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮನೆ ತುಂಬ ನಗು.

ಅಷ್ಟೇ ಆಗಿದ್ದರೆ ಗಡಿಯಾರ ನೋಡಲು ಗೊತ್ತಿರುವ ಯಾರಾದರೂ ಮಾಡುತ್ತಿದ್ದರು. ಕಷ್ಟ ಇರುವುದು ಬೇರೆ ಕಡೆ. ಒಬ್ಬರ ನಗು ಇನ್ನೊಬ್ಬರಿಗೆ ಹಾಗೆ ಹಾಗೇ ಸರಿಹೊಂದುವುದಿಲ್ಲ. ಕೆರೆ ಕೆಳಗಿನವರಿಗೆ ಹಾಸ್ಯವೆಂದರೆ ಮುಗಿಯಲೇಬಾರದು. ಕಥೆ ಮುಗಿದರೆ ಮೋಸ ಹೋದವರ ಹಾಗೆ ಮುಖ ಮಾಡುತ್ತಾರೆ. ಉಪ್ಪಿನ ಬಯಲಿನವರು ನಗುವಾಗ ಪಕ್ಕದವನ ತೊಡೆಗೆ ಬಾರಿಸುತ್ತಾರೆ, ಅವರ ನಡುವೆ ಕೂರುವಾಗ ದಪ್ಪ ಸೀರೆ ಉಟ್ಟಿರಬೇಕು. ಗುಡ್ಡದಾಚೆಯವರು ಎದುರಿಗಿದ್ದವರನ್ನೇ ಆಡಿಕೊಳ್ಳುತ್ತಾರೆ, ಆಡಿಕೊಳ್ಳದಿದ್ದರೆ ಅವಮಾನ ಮಾಡಿದ ಹಾಗೆ. ನಾವೋ, ಇನ್ನೊಬ್ಬರನ್ನು ಆಡಿಕೊಂಡರೆ ಒಂದು ದಿನವಲ್ಲ, ಒಂದು ವರ್ಷ ಬಿಟ್ಟರೂ ನಗುವುದಿಲ್ಲ. ನಮಗೆ ನಗು ಬರುವುದು ಮನುಷ್ಯ ತನ್ನ ಪಾಡು ತಾನೇ ಹೇಳಿಕೊಂಡಾಗ. ಹಾಗಾಗಿ ನಾನು ಪರಊರಿನ ಹಾಸ್ಯವನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ, ನಮ್ಮ ಮೈಗೆ ಹೊಂದುವಂತೆ ಮತ್ತೆ ಹೊಲಿದು ಕೊಡುತ್ತೇನೆ. ಇದರಲ್ಲಿ ನನಗೆ ಸಮನಾದವರು ಇಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ.

ಈ ಸಲ ಸರದಿ ನಮ್ಮ ಮನೆಯದೇ. ನನ್ನ ತಂಗಿ ಶಾಂತವ್ವ, ಅವಳ ಗಂಡ ಅಡಿವೆಪ್ಪ, ಅವರ ಒಬ್ಬಳೇ ಮಗಳು ಕಸ್ತೂರಿ. ಗುಡ್ಡದಾಚೆಯಿಂದ ಚೆಲುವರಾಜ ಎಂಬ ಗಡಿಯಾರ ರಿಪೇರಿಯವನು ತಿಂಗಳಿಗೊಮ್ಮೆ ಬಂದು ಚಾವಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಕಸ್ತೂರಿ ಮನೆಯ ಗಡಿಯಾರ ತೆಗೆದುಕೊಂಡು ಹೋದಾಗ ಅವನು, "ಊರೋರ್ದೆಲ್ಲ ಟೈಮು ಸರಿ ಮಾಡ್ತೀನಿ ಕಣ್ರೀ, ನನ್ನ ಮದ್ವೆ ಟೈಮು ಎಲ್ಲಿ ಕೆಟ್ಟು ನಿಂತೈತೋ ನನಗೇ ಗೊತ್ತಾಯ್ತಾ ಇಲ್ಲ" ಎಂದನಂತೆ. ಅವಳು ಮುಖ ಅಲುಗಿಸದೆ ಮನೆಗೆ ಬಂದಳು. ಪಾಪ, ಅವನು ಮುಖ ಸಣ್ಣ ಮಾಡಿಕೊಂಡು ಹೋದ. ಮರೆತ ಭೂತಗನ್ನಡಿಗಾಗಿ ಮರುದಿನ ಅದೇ ಹೊತ್ತಿಗೆ ತಿರುಗಿ ಬಂದರೆ, ನಲ್ಲಿಯ ಹತ್ತಿರ ಕೊಡ ಇಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ ಕಸ್ತೂರಿ ಸಿಕ್ಕಳು. ಆಮೇಲೆ ನಮ್ಮ ಮನೆಯ ಗಡಿಯಾರ ತಿಂಗಳು ತಿಂಗಳು ಕೆಡತೊಡಗಿತು.

ಚೆಲುವರಾಜನಿಗೆ ಅಪ್ಪ ಅಮ್ಮ ಇಲ್ಲ. ಸಾಕಿದವಳು ಅಜ್ಜಿ ಹೊಂಬಾಳಮ್ಮ, ಅವಳ ಮಾತೇ ಅಲ್ಲಿ ಕೊನೆಯ ಮಾತು. ಅಳತೆಯ ಟೇಪು ಹಿಡಿದು ನಾನು ಅವರ ಮನೆಗೆ ಹೋದೆ. ಎಪ್ಪತ್ತಾರರ ಮುದುಕಿ, ಬಾಯಲ್ಲಿ ಒಂದೂ ಹಲ್ಲಿಲ್ಲ, ಆ ಬಾಯಿಗೆ ಬಿಡುವೂ ಇಲ್ಲ. ನಾನು ಹೊಸ್ತಿಲು ದಾಟುವ ಮೊದಲೇ, "ಏನವ್ವ, ಟೇಪಿಗಿಂತ ನಿನ್ನ ಮುಖಾನೇ ಉದ್ದ ಐತಲ್ಲ!" ಎಂದಳು. ನಾನು ಸುಮ್ಮನೆ ತೋಳಿನ ಅಳತೆ ಬರೆದುಕೊಂಡೆ. "ನಿಮ್ಮೂರಲ್ಲಿ ನಗೋಕೂ ಅಳತೆ ಕೊಟ್ಟು ವಾರ ಬಿಟ್ಟು ಬರ್ಬೇಕಾ?" ಎಂದಳು. ನಾನು ಎದೆ ಸುತ್ತಳತೆಗೆ ಟೇಪು ಹಿಡಿದೆ. ಆಗ ಅವಳು ಗಂಭೀರವಾಗಿ ಹೇಳಿದಳು. "ನೋಡವ್ವ, ನಾನು ಹಲ್ಲು ಕಟ್ಟಿಸ್ಕೊಂಡು ಹೆಣ್ಣು ನೋಡೋಕೆ ಬತ್ತೀನಿ. ನಮ್ಮ ಮಾತಿಗೆ ನಗದೇ ಇರೋ ಮನೇಲಿ ಹೆಣ್ಣು ತರಾಕಿಲ್ಲ. ನಾಳೆ ಆ ಹುಡುಗಿ ನಮ್ಮನೆಗೆ ಬಂದು ನಲವತ್ತು ವರ್ಷ ಮುಖ ಗಂಟು ಹಾಕ್ಕೊಂಡು ಕೂತ್ರೆ, ಅನುಭವಿಸೋನು ನನ್ನ ಮೊಮ್ಮಗ ತಾನೆ?"

ತಪ್ಪಿಲ್ಲದ ಮಾತು. ಆದರೆ ನಾನು ಹೆದರಿದ್ದು ಬೇರೆ ಕಾರಣಕ್ಕೆ. ಅರ್ಧ ದಿನ ಅಲ್ಲಿ ಕೂತರೂ ಆ ಅಜ್ಜಿ ಒಂದು ಮಾತನ್ನು ಎರಡು ಸಲ ಆಡಲಿಲ್ಲ. ಕಣ್ಣಿಗೆ ಬಿದ್ದದ್ದರ ಮೇಲೆ ಆಗಿಂದಾಗಲೇ ಹುಟ್ಟುವ ಹಾಸ್ಯ. ಅದನ್ನು ಹಿಂದಿನ ದಿನವೇ ತರುವುದು ಹೇಗೆ?

ದಾರಿಯುದ್ದಕ್ಕೂ ಯೋಚಿಸಿದೆ. ಅವಳ ಬಾಯಿ ನನ್ನ ಕೈಯಲ್ಲಿಲ್ಲ ಸರಿ, ಅವಳ ಕಣ್ಣಿಗೆ ಏನು ಬೀಳಬೇಕು ಎಂಬುದು ನನ್ನ ಕೈಯಲ್ಲಿದೆ. ಅಡಿವೆಪ್ಪನಿಗೆ ಅವನ ಅಜ್ಜನ ಕಾಲದ ದೊಡ್ಡ ರುಮಾಲು ಸುತ್ತಿಸುವುದು. ಶಾಂತವ್ವನಿಂದ ಬುಟ್ಟಿ ತುಂಬ ಗಟ್ಟಿ ಉಂಡಿ ಕಟ್ಟಿಸುವುದು. ಯಾವ ಮುದುಕಿಯೂ ಇವೆರಡನ್ನು ಬಿಟ್ಟು ಬೇರೆ ಕಡೆ ನೋಡಲಾರಳು. ಬೀಗರು ಹತ್ತೂವರೆಯ ಬಸ್ಸಿಗೆ ಬಂದು ಹನ್ನೊಂದಕ್ಕೆ ಪಡಸಾಲೆಯಲ್ಲಿ ಕೂರುವವರು. ಹಾಗಾಗಿ ಹಿಂದಿನ ದಿನ ಹನ್ನೊಂದಕ್ಕೆ ಓಣಿಯವರನ್ನೆಲ್ಲ ಕೂರಿಸಿ ತಾಲೀಮು ನಡೆಸಿದೆ. ಅಡಿವೆಪ್ಪ ಎದ್ದು ನಿಂತು, "ಈ ರುಮಾಲ ಸುತ್ತಿಕೊಂಡು ಎಮ್ಮಿ ಹಿಂಡಾಕ ಹೋದ್ರ, ಎಮ್ಮಿ ಯಾರೋ ಸಾಹೇಬ್ರು ಬಂದಾರಂತ ಎದ್ದು ನಿಂತಿತ್ರಿ, ಹಾಲ ಕೊಡ್ಲಿಲ್ಲ" ಎಂದ. ಶಾಂತವ್ವ, "ನಾ ಕಟ್ಟಿದ ಉಂಡಿ ತಗೊಂಡು ಓಣಿ ಹುಡುಗ್ರು ಮಾವಿನಕಾಯಿ ಕೆಡವತಾರ್ರಿ" ಎಂದಳು. ಎಲ್ಲರೂ ಮುಖ ಬಿಗಿದು ಕೇಳಿಸಿಕೊಂಡರು. ಒಳ್ಳೆಯ ಲಕ್ಷಣ. ನಾಳೆಗೆ ಭರ್ತಿ ನಗು ಗ್ಯಾರಂಟಿ ಎಂದು ನನಗೆ ನಾನೇ ಶಾಭಾಸ್ ಹೇಳಿಕೊಂಡೆ.

ಮರುದಿನ ಹತ್ತೂವರೆಯಾಯಿತು, ಬಸ್ಸಿಲ್ಲ. ಹತ್ತೂ ಐವತ್ತಾಯಿತು, ಬಸ್ಸಿಲ್ಲ. ಗುಡ್ಡದ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತಿದೆ ಎಂದು ಸೈಕಲ್ಲಿನವನೊಬ್ಬ ಹೇಳಿ ಹೋದ. ನಾನು ಗಡಿಯಾರದ ಮುಂದೆ ನಿಂತು ಇನ್ನೊಂದರ್ಧ ತಾಸು ತಡಿ ಎಂದು ಮುಳ್ಳಿಗೆ ಕೈ ಮುಗಿದೆ. ಮುಳ್ಳು ಯಾರ ಮಾತು ಕೇಳುತ್ತದೆ? ಸರಿಯಾಗಿ ಹನ್ನೊಂದಕ್ಕೆ, ಹೂವಿನ ಜಮಖಾನದ ಮೇಲೆ ಇಟ್ಟ ಎರಡು ಖಾಲಿ ಕುರ್ಚಿಗಳ ಎದುರು, ಇಡೀ ಓಣಿ ಬಿದ್ದು ಬಿದ್ದು ನಕ್ಕಿತು. ಅಡಿವೆಪ್ಪ ರುಮಾಲು ಜಾರುವ ಹಾಗೆ ನಕ್ಕ. ನನಗೆ ಅಳು ಬರುತ್ತಿತ್ತು, ಆದರೆ ನಾನೂ ಅಲ್ಲೇ ಕೂತು ಕೇಳಿದವಳಲ್ಲವೇ, ಹೊಟ್ಟೆ ಹಿಡಿದು ನಗುತ್ತಲೇ ಅಳಬೇಕಾಯಿತು.

ಬೀಗರು ಬಂದದ್ದು ಹನ್ನೆರಡೂ ಹತ್ತಕ್ಕೆ. ಹೊಂಬಾಳಮ್ಮ ತುಟಿ ಬಿಗಿದುಕೊಂಡು ಬಂದು ಕೂತಳು. ಬಾಯಿ ತೆರೆದರೆ ಮುತ್ತಿನ ಹಾಗೆ ಹೊಸ ಹಲ್ಲಿನ ಸಾಲು. ಮೊದಲು ಕಣ್ಣಿಗೆ ಬಿದ್ದದ್ದು ನಾನು ಅಂದುಕೊಂಡಿದ್ದೇ. "ಏನಪ್ಪ ಬೀಗ, ಈ ರುಮಾಲ ನೀನು ಹೊತ್ತಿದ್ದೀಯೋ, ಅದೇ ನಿನ್ನ ಹೊತ್ಕೊಂಡು ಬಂತೋ?"

ಅಡಿವೆಪ್ಪ ಕೈ ಮುಗಿದು ಗಂಭೀರವಾಗಿ, "ನಾನ ಹೊತ್ತೀನ್ರಿ. ಹದಿನೆಂಟು ಮೊಳ ಐತ್ರಿ" ಎಂದ.

ಅಜ್ಜಿ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಉಂಡಿ ಬಂತು. "ಇದು ತಿನ್ನೋಕೋ, ಮನೆ ಕಟ್ಟೋಕೋ?" ಎಂದಳು.

"ತಿನ್ನಾಕ್ರಿ" ಎಂದಳು ಶಾಂತವ್ವ ಬಲು ವಿನಯದಿಂದ.

ಕಸ್ತೂರಿ ನೀರಿನ ತಂಬಿಗೆ ಹಿಡಿದು ಬಂದಳು. "ಅಬ್ಬಬ್ಬ, ಏನು ಮೆತ್ತಗಿನ ನಡಿಗೆ! ಬೆಕ್ಕಿಗೆ ಪಾಠ ಹೇಳ್ಕೊಟ್ಟೋಳು ನೀನೇನಾ?" ಅದಕ್ಕೂ ಯಾರೂ ನಗಲಿಲ್ಲ. ಚೆಲುವರಾಜ ಒಬ್ಬನೇ ಜೋರಾಗಿ ನಕ್ಕು, ತನ್ನ ಸದ್ದು ತನಗೇ ಕೇಳಿ, ನಾಚಿಕೊಂಡು ನಿಲ್ಲಿಸಿದ. ಅವನಿಗೆ ನಮ್ಮ ಗುಟ್ಟು ಗೊತ್ತು, ಆದರೆ ಅಜ್ಜಿಗೆ ಹೇಳಲು ಧೈರ್ಯ ಸಾಲದು. ಪರಊರಿನವರಿಗೆ ಹೇಳಬಾರದೆಂದು ನಾವೂ ಅವನ ಬಾಯಿ ಕಟ್ಟಿದ್ದೆವು.

ಹೊಂಬಾಳಮ್ಮ ಎದ್ದು ನಿಂತಳು. ಸಿಟ್ಟಿಗೆ ಅವಳ ಕಿವಿಯ ಓಲೆಗಳು ನಡುಗುತ್ತಿದ್ದವು. "ಎಪ್ಪತ್ತಾರು ವರ್ಷಕ್ಕೆ ಇಂಥ ಮನೆ ನೋಡಿರ್ಲಿಲ್ಲ ಕಣಪ್ಪ! ಯಾರಿಗೋಸ್ಕರ ಬಂದೆ ನಾನು? ಈ ಸಂಬಂಧಕ್ಕೇಂತ ಹಲ್ಲು ಕಟ್ಟಿಸ್ಕೊಂಡೆ. ಬಸ್ಸಿನ ಕುಲುಕಾಟಕ್ಕೆ ಹಲ್ಲೆಲ್ಲಿ ಕಿಟಕೀಲಿ ಹಾರೋಯ್ತವೋ ಅಂತ ನಾಲ್ಕು ಗಂಟೆ ಬಾಯಿ ಮುಚ್ಕೊಂಡು ಕೂತಿದ್ದೆ! ಹುಟ್ಟಿದಾಗಿಂದ ನಾಲ್ಕು ಗಂಟೆ ಬಾಯಿ ಮುಚ್ಚಿದೋಳಲ್ಲ ನಾನು! ಕಂಡಕ್ಟ್ರು ಮೂಗಿ ಅಂದ್ಕೊಂಡು ಕೈಸನ್ನೇಲಿ ಟಿಕೇಟು ಕೇಳ್ದ! ಸಾಕು ಬಿಡಪ್ಪ, ಇಲ್ಲಿ ಇವು ಇನ್ಯಾಕೆ?" ಎಂದವಳೇ ಎರಡು ಸಾಲು ಹಲ್ಲನ್ನೂ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಸೊಂಟದ ಎಲೆಯಡಿಕೆ ಚೀಲಕ್ಕೆ ತುರುಕಿ ಹೊರಗೆ ನಡೆದಳು. ನಮ್ಮವರು ದೇವರ ಮುಂದೆ ನಿಂತವರ ಹಾಗೆ ನಿಂತಿದ್ದರು.

ಬಸ್ಸು ಮರುದಿನ ಎರಡು ಗಂಟೆಗಲ್ಲದೆ ಹೊರಡುವ ಹಾಗಿರಲಿಲ್ಲ. ಅಜ್ಜಿ ನಿಲ್ದಾಣದ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಳು. ನಾನು ಮೂಲೆಯಲ್ಲಿ ಕೂತು, ಇಪ್ಪತ್ತಾರು ವರ್ಷದ ಹಿಂದಿನದೇ ಮತ್ತೆ ಆಯಿತಲ್ಲ, ಅದೂ ನಾನು ಎತ್ತಿ ಆಡಿಸಿದ ಹುಡುಗಿಗೆ, ಎಂದು ಸಂಕಟಪಡುತ್ತಿದ್ದೆ. ಕಸ್ತೂರಿ ಮಾತ್ರ ಅಳಲಿಲ್ಲ. ಮೆತ್ತಗೆ ಬೇಯಿಸಿದ ಅನ್ನ, ಸಾರು ಬುತ್ತಿ ಕಟ್ಟಿದಳು. "ಬಾ ದೊಡ್ಡವ್ವ. ಖರೆ ಹೇಳಿ ಬರೂಣು. ಸುಳ್ಳ ನಗಿ ತೋರಿಸಿ ಹೋದ್ರ, ಅಲ್ಲಿ ದಿನಾ ನನ್ನ ಹಿಂದ ನೀ ಬಂದು ಕುಂದ್ರತೀಯೇನು?"

ಇಪ್ಪತ್ತಾರು ವರ್ಷದ ಕಸುಬಿನ ಮೇಲೆ ಅವಳು ಒಂದೇ ಮಾತಿನಲ್ಲಿ ಕತ್ತರಿ ಆಡಿಸಿದಳು. ಅವಳ ಹಿಂದೆ ಹೋದೆ.

ಅಜ್ಜಿ ಎಲ್ಲವನ್ನೂ ಕೇಳಿದಳು. ಊಟ ಮಾಡುತ್ತಲೇ ಕೇಳಿದಳು, ಅದು ಅವಳ ದೊಡ್ಡ ಗುಣ. ಕೊನೆಗೆ, "ಹೆಣ್ಣು ಕೊಡೋಕೆ ಇಂಥ ನೆವ ನಮ್ಮ ವಂಶದಲ್ಲೇ ಯಾರೂ ಕೇಳಿಲ್ಲ" ಎಂದಳು. ಚೆಲುವರಾಜ ನಿಜ ಅಜ್ಜಿ, ನಿಜ ಅಜ್ಜಿ ಎಂದು ಪಕ್ಕದಲ್ಲಿ ನಿಂತು ಬೇಡಿಕೊಂಡ. ಆಗ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. "ನಾಳೆ ಹನ್ನೆರಡೂ ಹತ್ತಕ್ಕ ನಮ್ಮನಿಗೆ ಬರ್ರಿ ಅಮ್ಮಾರ. ನೀವು ಆಡಿದ ಒಂದೊಂದು ಮಾತಿಗೂ ಹ್ಯಾಂಗ ನಗತೀವಿ, ಕಣ್ಣಾರೆ ನೋಡ್ರಿ. ನನ್ನ ಮಾತು ಸುಳ್ಳಾದ್ರ ನಿಮ್ಮ ಬಸ್ಸು ಇದ್ದ ಐತಿ."

"ಸರಿ ಕಣವ್ವ. ಬತ್ತೀನಿ. ನಗದೇ ಹೋದ್ರೆ ಈ ಸಂಬಂಧದ ಮಾತು ಇನ್ನೊಂದ್ಸಲ ನನ್ನ ಮುಂದೆ ಎತ್ತಕೂಡ್ದು" ಎಂದಳು ಅಜ್ಜಿ. ಆ ರಾತ್ರಿ ಇಬ್ಬರೂ ಶಾಲೆಯ ಕೋಣೆಯಲ್ಲಿ ಉಳಿದುಕೊಂಡರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಯಾರದೋ ಕುಪ್ಪಸದ ತೋಳನ್ನು ತಿರುವಿ ಹಾಕಿ ಹೊಲಿಯುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು. ಸೂಜಿ ಬೆರಳಿಗೆ ಚುಚ್ಚಿತು. ನಿನ್ನೆ ಅಜ್ಜಿ ಆಡಿದ ಮಾತುಗಳನ್ನು ತಿರುವಿ ಹಾಕಿದವರು ಯಾರು? ಯಾರೂ ಇಲ್ಲ! ಹಸಿಹಸಿಯಾಗಿ ಹಾಗೆ ಹಾಗೇ ನಮ್ಮವರ ಕಿವಿಗೆ ಬಿದ್ದಿವೆ. ರುಮಾಲನ್ನು ಆಡಿಕೊಂಡದ್ದು, ಉಂಡಿಯನ್ನು ಆಡಿಕೊಂಡದ್ದು, ಹುಡುಗಿಯನ್ನು ಆಡಿಕೊಂಡದ್ದು. ಇಂಥ ಮಾತಿಗೆ ನಮ್ಮೂರು ಎಂದಾದರೂ ನಕ್ಕಿದೆಯೇ? ಊರಿಗೆಲ್ಲ ಪಾಠ ಹೇಳುವ ನಾನು, ಗಡಿಯಾರ ಒಂದನ್ನೇ ನೆನಪಿಟ್ಟುಕೊಂಡು ಕಸುಬನ್ನೇ ಮರೆತಿದ್ದೆ. ಓಡಿ ಹೋಗಿ ಹೇಳೋಣ ಎಂದರೆ ಆಗಲೇ ಹನ್ನೆರಡು. ಅಜ್ಜಿ ಬಂದು ಕುರ್ಚಿಯಲ್ಲಿ ಕೂತಿದ್ದಳು. ಮೊಮ್ಮಗನ ಕೈಗಡಿಯಾರ ಅವಳ ಅಂಗೈಯಲ್ಲಿತ್ತು. ನಿನ್ನೆ ಇದ್ದವರೆಲ್ಲ ನಿನ್ನೆ ನಿಂತಲ್ಲೇ ನಿಂತಿದ್ದರು.

ಹನ್ನೆರಡೂ ಹತ್ತು. ರುಮಾಲಿನ ಗಳಿಗೆ. ಅಡಿವೆಪ್ಪ ಕಣ್ಣು ಪಿಳಿಪಿಳಿ ಬಿಟ್ಟ, ಅಷ್ಟೇ. ಹನ್ನೆರಡೂ ಹದಿಮೂರು. ಉಂಡಿ. ಶಾಂತವ್ವ ಸೆರಗು ಸರಿಮಾಡಿಕೊಂಡಳು. ಹನ್ನೆರಡೂ ಹದಿನಾರು. ಬೆಕ್ಕಿನ ಪಾಠ. ಹೊರಗೆ ಒಂದು ಕಾಗೆ ಕೂಗಿತು.

ಅಜ್ಜಿ ಸಿಟ್ಟು ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಸಿಟ್ಟು ಮಾಡಲಿಲ್ಲ. ಕೈಗಡಿಯಾರವನ್ನು ಮಡಿಲಲ್ಲಿ ಇಟ್ಟುಕೊಂಡು, ಬೊಚ್ಚು ಬಾಯಲ್ಲಿ, ನಾನು ಅವಳಿಂದ ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ಅಂದ್ರೆ, ನನ್ನ ಮಾತು ಚೆನ್ನಾಗಿರ್ಲಿಲ್ವಾ?" ಎಂದಳು. ನನಗೆ ಕಸ್ತೂರಿಯ ಮದುವೆ ಕೂಡ ಆ ಗಳಿಗೆ ಮರೆತುಹೋಯಿತು. ಎಪ್ಪತ್ತಾರು ವರ್ಷ ಊರನ್ನು ನಗಿಸಿದವಳನ್ನು ಕರೆತಂದು, ಇಷ್ಟು ಜನರ ಮುಂದೆ ಕೂರಿಸಿ, ಈ ಮಾತು ಆಡಿಸಿದೆನಲ್ಲ. ಹತ್ತಿರ ಹೋಗಿ ಅವಳ ಮೊಣಕಾಲು ಮುಟ್ಟಿದೆ. "ಛಲೋ ಇದ್ದೂರಿ ಅಮ್ಮಾರ. ಭಾಳ ಛಲೋ ಇದ್ದೂ. ನಮ್ಮ ಮಂದೀನ ಹಂಗ, ಇನ್ನೊಬ್ಬರ ಮ್ಯಾಲ ಆಡಿದ್ರ ನಗಿ ಹುಟ್ಟೂದಿಲ್ರಿ. ತಪ್ಪು ನಂದು, ನಾ ಅದನ್ನ..."

ಮಾತು ಮುಗಿಯಲಿಲ್ಲ. ಹಿಂದಿನಿಂದ ಅಡಿವೆಪ್ಪ ಒಂದು ವಿಚಿತ್ರ ಸದ್ದು ಮಾಡಿದ. ತಿರುಗಿ ನೋಡಿದರೆ ಅವನ ಮೀಸೆ ಕುಣಿಯುತ್ತಿತ್ತು. ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು. ಶಾಂತವ್ವ ಕಂಬ ಹಿಡಿದುಕೊಂಡು, "ಕಿಟಕ್ಯಾಗ... ಹಲ್ಲು..." ಎಂದಳು, ಮುಂದೆ ಹೇಳಲಾಗಲಿಲ್ಲ. "ಮೂಗಿ ಅಂದನಂತ!" ಎಂದು ಕ್ಷೌರದಂಗಡಿಯ ಶಿವಪುತ್ರ ನೆಲಕ್ಕೇ ಕೂತುಬಿಟ್ಟ. ಓಣಿಯವರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು. ಕಸ್ತೂರಿಯ ಕೈಯ ತಂಬಿಗೆಯ ನೀರು ಅಡಿವೆಪ್ಪನ ರುಮಾಲಿನ ಮೇಲೆ ಚೆಲ್ಲಿತು, ಅವನಿಗೆ ಅದರ ಪರಿವೆಯೇ ಇಲ್ಲ. ಇಂಥ ನಗು ನಮ್ಮೂರು ಹತ್ತು ವರ್ಷದಲ್ಲಿ ಕಂಡಿರಲಿಲ್ಲ. ನಾನಂತೂ ಅಜ್ಜಿಯ ಮೊಣಕಾಲು ಹಿಡಿದವಳು ಅಲ್ಲೇ ಹಣೆಯಿಟ್ಟು ನಕ್ಕೆ.

"ಏನ್ಲಾ ಇದು? ಯಾವುದಕ್ಕೆ ನಗ್ತಾವ್ರೆ?" ಅಜ್ಜಿ ಮೊಮ್ಮಗನನ್ನು ಕೇಳಿದಳು.

ಚೆಲುವರಾಜ ಹೆದರುತ್ತ ಹೇಳಿದ. "ನೀನು ಸಿಟ್ಟಲ್ಲಿ ಅಂದ್ಯಲ್ಲಜ್ಜಿ, ಬಸ್ಸಲ್ಲಿ ಬಾಯಿ ಮುಚ್ಕೊಂಡು ಕೂತಿದ್ದು. ಅದಕ್ಕೆ."

"ನನಗಾ ನಗ್ತಿರೋದು?"

"ಹೂಂ ಅಜ್ಜಿ. ನಿನಗೇ."

ಅವಳು ಸುತ್ತ ನೋಡಿದಳು. ಎಲ್ಲರನ್ನೂ ಆಡಿಕೊಂಡವಳು, ತನ್ನನ್ನು ಆಡಿಕೊಳ್ಳಲು ಯಾರಿಗೂ ಎಡೆ ಕೊಡದವಳು. ಅವಳ ಬೊಚ್ಚು ಬಾಯಿ ಒಮ್ಮೆ ಬಿಗಿಯಿತು, ಒಮ್ಮೆ ಸಡಿಲವಾಯಿತು. ಇವಳು ಇನ್ನು ಬಸ್ಸಿಗೇ ಹೊರಟಳು ಎಂದು ನಾನು ನಗುತ್ತಲೇ ಅಂದುಕೊಂಡೆ. ಆಗ ಅವಳ ಕೈ ಸೊಂಟದ ಚೀಲಕ್ಕೆ ಹೋಯಿತು. "ತಡೀರ್ಲಾ, ತಡೀರಿ! ಹಲ್ಲು ಹಾಕ್ಕೊಳ್ತೀನಿ. ಬೀಗರ ಮನೇಲಿ ಬೋಳು ಬಾಯಲ್ಲಿ ನಕ್ರೆ ಮರ್ಯಾದೆ ಉಳೀತದಾ?"

ಕರವಸ್ತ್ರ ಬಿಚ್ಚಿ, ಎಲೆಯಡಿಕೆಯ ಚೂರು ಒರೆಸಿ, ಅವಸರದಲ್ಲಿ ಮೇಲಿನದನ್ನು ಕೆಳಗೆ ಹಾಕಿ, ತೆಗೆದು, ಮತ್ತೆ ಸರಿಯಾಗಿ ಹಾಕಿಕೊಂಡಳು. ಆಮೇಲೆ ನಕ್ಕಳು ನೋಡಿ! ತಾನು ಬಸ್ಸಿನಲ್ಲಿ ತುಟಿ ಬಿಗಿದು ಕೂತ ಬಗೆಯನ್ನು ತಾನೇ ಮಾಡಿ ತೋರಿಸಿ ತೋರಿಸಿ ನಕ್ಕಳು. ಕಸ್ತೂರಿಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ತಾಂಬೂಲ ತರ್ರವ್ವ ಯಾರಾದ್ರೂ ಎಂದಳು. ಅಷ್ಟು ಹೊತ್ತಿಗೆ ನಮ್ಮವರ ನಗು ಮುಗಿದಿತ್ತು. ಎಲ್ಲರೂ ಮುಖ ಬಿಗಿದು ಅವಳನ್ನೇ ನೋಡುತ್ತ ನಿಂತಿದ್ದರು.

ಎರಡು ಗಂಟೆಗೆ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸೋತು, ಕಂಡಕ್ಟರನನ್ನು ಮನೆಗೇ ಕಳಿಸಿದ. ಹೊಂಬಾಳಮ್ಮ ಎದ್ದೇಳಲಿಲ್ಲ. "ನೀನು ಹೊರಡಪ್ಪ. ಆಗ ನಾನು ಹಲ್ಲು ಹಾಕ್ಕೊಂಡ ಚೆಂದಕ್ಕೆ ಇವರು ನಾಳೆ ನಗೋರವ್ರೆ. ಅದನ್ನ ನೋಡದೆ ಬರೋಕಾಯ್ತದಾ?" ಎಂದಳು. ಕಂಡಕ್ಟರನಿಗೆ ಏನೂ ಅರ್ಥವಾಗಲಿಲ್ಲ. ಅವನಿಗೆ ಬಿಡಿಸಿ ಹೇಳುವ ಗೋಜಿಗೆ ನಾನೂ ಹೋಗಲಿಲ್ಲ, ಪುಸ್ತಕ ತೆಗೆದು ಬೀಗಿತ್ತಿಯ ರವಿಕೆಯ ಅಳತೆಯ ಕೆಳಗೆ ಹನ್ನೆರಡೂ ಇಪ್ಪತ್ತೆರಡು ಎಂದು ಬರೆದುಕೊಂಡೆ.